ಗಿಣ್ಣಿನ ಮೂಳೆ ಓದಲು ಕಲಿತದ್ದು

ಅಳಿದುಹೋದ ಗೊರಸಿನ ಪ್ರಾಣಿಗಳ ಪಳೆಯುಳಿಕೆ ಬಗ್ಗೆ ಓದ್ತಿದ್ದೀನಿ ಅಂದ ತಕ್ಷಣ ನಮ್ಮೂರಿನವರು ಕೇಳುವ ಪ್ರಶ್ನೆ ಒಂದೇ. ಮಧುಗಿರಿ ಸುತ್ತ ಅಂಥದ್ದು ಎಲ್ಲಿ ಸಿಗುತ್ತೆ? ನಮ್ಮ ಬಂಡೆಗಳಲ್ಲಿ ಸಿಗುವುದಿಲ್ಲ. ಮಧುಗಿರಿ, ಪಾವಗಡದ ಕಡೆ ಹಾದುಹೋಗಿರುವುದು ಕ್ಲೋಸ್‌ಪೇಟೆ ಗ್ರಾನೈಟ್ ಪಟ್ಟಿ. ಕ್ಲೋಸ್‌ಪೇಟೆ ಅಂದರೆ ಇವತ್ತಿನ ರಾಮನಗರ. ಆ ಕಲ್ಲು ಭೂಮಿಯೊಳಗೆ ಕರಗಿದ್ದು ತಣ್ಣಗಾಗಿ ಗಟ್ಟಿಯಾಗಿ ಸುಮಾರು 250 ಕೋಟಿ ವರ್ಷ ಆಗಿದೆ. ಕುರಿ, ದನ, ಕುದುರೆಗಳ ವಂಶದ ತೀರಾ ಹಳೆಯ ಪಳೆಯುಳಿಕೆಗಳಿಗೆ ಸುಮಾರು 5.6 ಕೋಟಿ ವರ್ಷ. ಎರಡಕ್ಕೂ ಭೇಟಿಯೇ ಆಗಿಲ್ಲ.

ಹಾಗಾದರೆ ಊರಲ್ಲಿ ಕೂತು ಏನು ಮಾಡಿದೆ? ಕುರಿ ಮೂಳೆ ಓದಲು ಕಲಿತೆ. ಈ ಬರಹ ಅದರದ್ದು. ಪಳೆಯುಳಿಕೆ ಅಂದರೆ ಹಿಮಾಲಯ, ಗುಜರಾತಿನ ಗಣಿ, ದೊಡ್ಡ ಮ್ಯೂಸಿಯಂ ಅಂತಲೇ ಎಲ್ಲರಿಗೂ ಅನಿಸುತ್ತದೆ. ನನಗೂ ಹಾಗೇ ಅನಿಸಿತ್ತು. ಆದರೆ ಈ ವಿದ್ಯೆಯ ಅರ್ಧ ಭಾಗ ಕುರಿ ರೊಪ್ಪದಲ್ಲಿ, ಮಟನ್ ಅಂಗಡಿಯಲ್ಲಿ, ದನ ಕೊಳ್ಳುವವರ ಬೆರಳ ತುದಿಯಲ್ಲಿ ಇದೆ. ಅದನ್ನು ಕಲಿಯದೆ ಪಳೆಯುಳಿಕೆಯ ಡ್ರಾಯರ್ ತೆರೆದರೆ ಸುಮ್ನೆ ಕಲ್ಲು ನೋಡಿದ ಹಾಗೆ ಆಗುತ್ತದೆ ಅಷ್ಟೆ.

ನನ್ನನ್ನು ಈ ಕಡೆ ಎಳೆದದ್ದು ಎ. ರಂಗರಾವ್ ಎಂಬ ಭೂವಿಜ್ಞಾನಿಯ ಕಥೆ. ಜಮ್ಮು ಕಾಶ್ಮೀರದ ರಜೌರಿ ಜಿಲ್ಲೆಯಲ್ಲಿ ಕಾಲಾಕೋಟ್ ಅಂತ ಜಾಗ. ಅಲ್ಲಿ ಸಿಕ್ಕ ಕೆಲವು ಹಲ್ಲು ಮತ್ತು ದವಡೆ ಚೂರುಗಳನ್ನು ನೋಡಿ ಅವರು 1971ರಲ್ಲಿ ಒಂದು ಹೊಸ ಪ್ರಾಣಿಗೆ ಇಂಡೋಹ್ಯುಸ್ ಎಂದು ಹೆಸರಿಟ್ಟರು. ಸುಮಾರು 4.8 ಕೋಟಿ ವರ್ಷದ ಹಿಂದಿನ, ಬೆಕ್ಕಿನ ಗಾತ್ರದ ಪುಟ್ಟ ಗೊರಸಿನ ಪ್ರಾಣಿ. ಅಲ್ಲಿಂದ ತಂದಿದ್ದ ಕಲ್ಲುಗಳನ್ನೆಲ್ಲ ಬಿಡಿಸಿ ನೋಡುವ ಮೊದಲೇ ಅವರು ತೀರಿಕೊಂಡರು. ಅವರ ಪತ್ನಿ ಆ ಕಲ್ಲುಗಳನ್ನು ಎಸೆಯಲಿಲ್ಲ. ಜೋಪಾನವಾಗಿ ಇಟ್ಟುಕೊಂಡು, ಆಮೇಲೆ ಹಾನ್ಸ್ ಥೀವಿಸೆನ್ ಎಂಬ ವಿಜ್ಞಾನಿಗೆ ಒಪ್ಪಿಸಿದರು. ಅವರ ಪ್ರಯೋಗಾಲಯದಲ್ಲಿ ಒಂದು ತಲೆಬುರುಡೆಯನ್ನು ಬಿಡಿಸುವಾಗ ಕಿವಿಯ ಮೂಳೆ ಮುರಿಯಿತು. ಮುರಿದ ಜಾಗದಲ್ಲಿ ನೋಡಿದರೆ ಆ ಮೂಳೆಯ ಒಳ ಅಂಚು ತುಂಬಾ ದಪ್ಪ. ಹಾಗೆ ದಪ್ಪಗಿರುವುದು ತಿಮಿಂಗಿಲಗಳ ಗುರುತು. ಕಾಲಿನ ಮೂಳೆಗಳ ಗೋಡೆಯೂ ನೀರಾನೆಯದರಂತೆ ದಪ್ಪವಾಗಿತ್ತು. ನೀರಿನಲ್ಲಿ ತೇಲಿಹೋಗದೆ ತಳದಲ್ಲಿ ನಡೆಯಲು ಆ ಭಾರ ಬೇಕು. 2007ರ ಡಿಸೆಂಬರಿನಲ್ಲಿ ನೇಚರ್ ಪತ್ರಿಕೆಯಲ್ಲಿ ಆ ಸಂಶೋಧನೆ ಪ್ರಕಟವಾಯಿತು. ಬರೆದವರಲ್ಲಿ ಸುನಿಲ್ ಬಾಜಪೇಯಿ, ಬಿ.ಎನ್. ತಿವಾರಿ ಅವರೂ ಇದ್ದರು. ತಿಮಿಂಗಿಲಗಳ ಹತ್ತಿರದ ಸಂಬಂಧಿ ಭಾರತದ ಒಂದು ಪುಟ್ಟ ಗೊರಸಿನ ಪ್ರಾಣಿ ಎಂದು ಅದು ತೋರಿಸಿತು.

ಓದಿದ ಮೇಲೆ ನನ್ನ ತಲೆಯಲ್ಲಿ ಉಳಿದದ್ದು ತಿಮಿಂಗಿಲಕ್ಕಿಂತ ಜಾಸ್ತಿ ಆ ಮನೆಯಲ್ಲಿದ್ದ ಕಲ್ಲುಗಳು. ಮುರಿದದ್ದನ್ನು ನೋಡಿದವರಿಗೆ ಅದು ಏನು ಅಂತ ಗೊತ್ತಾಯಿತಲ್ಲ, ಅದಕ್ಕೆ ಎಷ್ಟು ಕಿವಿಮೂಳೆಗಳನ್ನು ಮೊದಲೇ ನೋಡಿರಬೇಕು! ನಾನು ಪ್ರಾಜೆಕ್ಟ್ ಆರಿಸಿಕೊಂಡಾಗ ನಮ್ಮ ಮೇಡಂ ಹೇಳಿದ್ದೂ ಅದನ್ನೇ. "ಮೊದಲು ಒಂದು ಕುರಿ ಪೂರ್ತಿ ಗೊತ್ತಿರಬೇಕು. ಕಣ್ಣು ಮುಚ್ಚಿ ಕೈಗೆ ಕೊಟ್ಟರೂ ಯಾವ ಮೂಳೆ, ಎಡಗಾಲೋ ಬಲಗಾಲೋ ಹೇಳಬೇಕು. ಆಮೇಲೆ ಶಿವಾಲಿಕ್ ಮಾತಾಡೋಣ." ಶಿವಾಲಿಕ್ ಅಂದರೆ ಹಿಮಾಲಯದ ತಪ್ಪಲಿನ ಬೆಟ್ಟಸಾಲು, ಪಳೆಯುಳಿಕೆಗಳಿಗೆ ಹೆಸರಾದ ಜಾಗ. ಕೆಲಸದ ವಿಷಯ ಗೊರಸಿನ ಪ್ರಾಣಿಗಳ ಹಿಂಗಾಲಿನ ಗಿಣ್ಣಿನ ಮೂಳೆ ಎಂದು ತೀರ್ಮಾನವಾಯಿತು. ಪುಸ್ತಕದಲ್ಲಿ ಅದಕ್ಕೆ ಆಸ್ಟ್ರಾಗಲಸ್ ಅನ್ನುತ್ತಾರೆ.

ಹೋಲಿಸಿ ನೋಡಲು ಇವತ್ತಿನ ಪ್ರಾಣಿಗಳ ಮೂಳೆಗಳು ಬೇಕು. ಊರಿನ ಮಟನ್ ಅಂಗಡಿಯಲ್ಲಿ ಹಿಂಗಾಲು ಕೇಳಿದೆ. "ಕಾಲು ಸೂಪಿಗಾ ಅಕ್ಕಾ? ಸುಟ್ಟು, ಕಟ್ ಮಾಡಿ ಕೊಡ್ತೀನಿ" ಅಂದ ಆ ಹುಡುಗ. ಸುಡಬಾರದು, ಗಿಣ್ಣಿಗೆ ಕತ್ತಿ ತಾಗಿಸಬಾರದು, ಅದರಿಂದ ಮೇಲಕ್ಕೆ ಒಂದು ಗೇಣು ಬಿಟ್ಟು ಕತ್ತರಿಸಬೇಕು ಅಂದೆ. ಸುಟ್ಟ ಮೂಳೆ ಬಿರುಕು ಬಿಡುತ್ತದೆ. ಅಂಗಡಿಯವರು ಸಾಮಾನ್ಯವಾಗಿ ಕಾಲನ್ನು ಬೇರೆ ಮಾಡುವುದೇ ಗಿಣ್ಣಿನ ಹತ್ತಿರ, ಹಾಗಾಗಿ ನನಗೆ ಬೇಕಾದ ಮೂಳೆಯ ಮೇಲೇ ಏಟು ಬೀಳುತ್ತದೆ. ಆ ಹುಡುಗನಿಗೆ ಒಂದು ಸಲ ಮೂಳೆ ಬಿಡಿಸಿ ತೋರಿಸಿದ ಮೇಲೆ ಅವನಿಗೂ ಆಸಕ್ತಿ ಬಂತು. ಕುರಿ ಕಾಲು ಒಂದು ಕವರಿನಲ್ಲಿ, ಮೇಕೆ ಕಾಲು ಇನ್ನೊಂದರಲ್ಲಿ ಹಾಕಿ, ಗಂಡು ಹೆಣ್ಣು ಅಂತ ಮೇಲೆ ಬರೆದು ಇಡುತ್ತಿದ್ದ. ಸಂಶೋಧನೆಗೆ ಆ ಬರಹ ಎಷ್ಟು ಮುಖ್ಯ ಅಂದರೆ, ಅದಿಲ್ಲದ ಮೂಳೆಗೆ ಅರ್ಧ ಬೆಲೆ ಕಡಿಮೆ.

ಕಾಲು ಸಿಕ್ಕಿತು, ಪೂರ್ತಿ ಪ್ರಾಣಿ ಬೇಕಿತ್ತು. ನಮ್ಮ ಸೋದರಮಾವ ಕುರಿ ಸಾಕುತ್ತಾರೆ. ಒಂದು ಸಂಜೆ ಮಂದೆ ರಸ್ತೆ ದಾಟುವಾಗ ಲಾರಿ ತಾಗಿ ಒಂದು ಹೆಣ್ಣು ಕುರಿ ಸತ್ತಿತು. ಮಾವನಿಗೆ ಅದು ದೊಡ್ಡ ನಷ್ಟ. ಆದರೂ ಅವರೇ ಫೋನ್ ಮಾಡಿ, "ನಿನಗೆ ಬೇಕು ಅಂದಿದ್ಯಲ್ಲವ್ವ, ಬಾ" ಅಂದರು. ಇಲ್ಲಿ ಒಂದು ಮಾತು ಹೇಳಲೇಬೇಕು. ಯಾವುದೇ ಸತ್ತ ಪ್ರಾಣಿಯನ್ನು ಸುಮ್ಮನೆ ಮುಟ್ಟಬಾರದು. ನೆರಡಿ ರೋಗ, ಅಂದರೆ ಆಂಥ್ರಾಕ್ಸ್, ಬಂದು ಸತ್ತ ಕುರಿಯನ್ನು ಕೊಯ್ದರೆ ಕೊಯ್ದವರಿಗೂ ಅಂಟುತ್ತದೆ. ಕಂದು ಹಾಕಿದ ಕುರಿಯಿಂದ ಬ್ರುಸೆಲ್ಲಾ ಬರಬಹುದು. ದನದ ಡಾಕ್ಟ್ರು ಬಂದು ನೋಡಿ, ಏಟಿನಿಂದಲೇ ಸತ್ತದ್ದು, ರೋಗದ ಕುರಿಯಲ್ಲ ಅಂದ ಮೇಲೆಯೇ ಗ್ಲೌಸ್ ಹಾಕಿಕೊಂಡದ್ದು.

ಮೂಳೆ ಬಿಡಿಸುವುದಕ್ಕೆ ಎರಡು ದಾರಿ. ಒಂದು, ಹೊಲದಲ್ಲಿ ಹೂಳುವುದು. ಇನ್ನೊಂದು, ನೀರಿನಲ್ಲಿ ಕೊಳೆಯಲು ಬಿಡುವುದು. ಹೂತರೆ ವಾಸನೆ ಇಲ್ಲ, ಆದರೆ ತಿಂಗಳುಗಟ್ಟಲೆ ಕಾಯಬೇಕು. ನಮ್ಮ ಕೆಂಪು ಮಣ್ಣು ಮೂಳೆಗೆ ಬಣ್ಣ ಹಿಡಿಸುತ್ತದೆ, ಗಿಡದ ಬೇರು ಸಣ್ಣ ಮೂಳೆಗಳ ಮೇಲೆ ಗೀರು ಹಾಕುತ್ತದೆ. ನಾನು ದೇಹದ ಭಾಗವನ್ನು ಹೂತು, ನಾಲ್ಕು ಕಾಲು ಮತ್ತು ತಲೆಯನ್ನು ನೀಲಿ ಡ್ರಮ್ಮಿನಲ್ಲಿ ನೀರಿಗೆ ಹಾಕಿದೆ. ಹಾಕುವ ಮೊದಲು ಒಂದೊಂದು ಕಾಲನ್ನೂ ಸೊಳ್ಳೆ ಪರದೆಯ ಬಟ್ಟೆಯಿಂದ ಹೊಲಿದ ಬೇರೆ ಬೇರೆ ಚೀಲಕ್ಕೆ ಹಾಕಿ, ಪ್ಲಾಸ್ಟಿಕ್ ಚೀಟಿ ಕಟ್ಟಿದೆ: ಎಡ ಮುಂಗಾಲು, ಬಲ ಮುಂಗಾಲು, ಹೀಗೆ. ಈ ಕೆಲಸ ಮಾಡದಿದ್ದರೆ ಕೊನೆಗೆ ಡ್ರಮ್ಮಿನ ತಳದಲ್ಲಿ ಉಳಿಯುವುದು ಮಣಿಗಳಂಥ ಮೂಳೆಗಳ ಒಂದು ರಾಶಿ. ಗೊರಸಿನ ಹಿಂದೆ ಕೂರುವ ಪುಟ್ಟ ಮೂಳೆಗಳಂತೂ ನೀರು ಚೆಲ್ಲುವಾಗ ಹೊರಟೇ ಹೋಗುತ್ತವೆ.

ವಾಸನೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಡ್ರಮ್ ಇದ್ದದ್ದು ತೋಟದ ತುದಿಯಲ್ಲಿ, ಪಂಪ್‌ಸೆಟ್ ಮನೆಯ ಆಚೆ. ನಾಯಿ ಬರದಂತೆ ಮುಚ್ಚಳದ ಮೇಲೆ ಚಪ್ಪಡಿ ಕಲ್ಲು. ಬೇಸಿಗೆಯಾದ್ದರಿಂದ ಬೇಗ ಆಯಿತು. ಬಿಸಿ ಇದ್ದಷ್ಟೂ ನೀರಿನಲ್ಲಿರುವ ಬ್ಯಾಕ್ಟೀರಿಯಾ ಚುರುಕಾಗಿ ಮಾಂಸ, ನಾರು ತಿನ್ನುತ್ತವೆ. ಆಗಾಗ ಅರ್ಧ ನೀರು ತೆಗೆದು ಹೊಸ ನೀರು ಹಾಕಬೇಕು. ಪೂರ್ತಿ ಬದಲಿಸಿದರೆ ಅವೂ ಹೋಗುತ್ತವೆ, ಕೆಲಸ ಮತ್ತೆ ಮೊದಲಿನಿಂದ ಶುರು. "ಕುಕ್ಕರಲ್ಲಿ ಬೇಯಿಸಿದ್ರೆ ಒಂದೇ ದಿನದಲ್ಲಿ ಆಗುತ್ತಲ್ಲ" ಅಂತ ಅಜ್ಜಿ ಕೇಳಿದರು. ಜೋರಾಗಿ ಬೇಯಿಸಿದರೆ ಮೂಳೆಯ ಮೈ ಮೆತ್ತಗಾಗುತ್ತದೆ, ಹಲ್ಲು ಸೀಳುತ್ತದೆ, ಕೊಬ್ಬು ಮೂಳೆಯೊಳಕ್ಕೇ ಸೇರಿಕೊಳ್ಳುತ್ತದೆ. ಬಟ್ಟೆಗೆ ಹಾಕುವ ಬ್ಲೀಚ್ ಕೂಡ ಬೇಡ, ಅದು ಮೂಳೆಯನ್ನೇ ತಿನ್ನುತ್ತದೆ. ಮಾಂಸ ಬಿಟ್ಟ ಮೇಲೆ ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ವಾರಗಟ್ಟಲೆ ನೆನೆಸಿ ಜಿಡ್ಡು ತೆಗೆದೆ. ಕೊನೆಗೆ ಮೆಡಿಕಲ್ ಶಾಪಿನಲ್ಲಿ ಸಿಗುವ ತೆಳು ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಸ್ವಲ್ಪ ಹೊತ್ತು. ಒಣಗಿಸಿದ್ದು ನೆರಳಲ್ಲಿ. ಬಿಸಿಲಿಗೆ ಇಟ್ಟರೆ ಉದ್ದ ಮೂಳೆಗಳು ಸೀಳು ಬಿಡುತ್ತವೆ.

ಒಣಗಿದ ಮೂಳೆಗಳನ್ನು ಪಡಸಾಲೆಯಲ್ಲಿ ಹಾಳೆ ಹಾಸಿ ಜೋಡಿಸುತ್ತಾ ಕೂತಾಗಲೇ ಪಾಠ ಶುರುವಾದದ್ದು. ಮಾವ ಪಕ್ಕದಲ್ಲಿ ಬಂದು ಕೂತರು. ಕೆಳದವಡೆ ಎತ್ತಿಕೊಂಡು, "ನಾಲ್ಕಲ್ಲು. ಎರಡು ವರ್ಷದ್ದು" ಅಂದರು. ಕುರಿಗೆ ಮುಂದಿನ ಹಲ್ಲು ಇರುವುದು ಕೆಳಗೆ ಮಾತ್ರ, ಎಂಟು. ಮೇಲೆ ಬರೀ ಗಟ್ಟಿ ಒಸಡು. ಹಾಲುಹಲ್ಲು ಬಿದ್ದು ಮಧ್ಯದಿಂದ ಜೋಡಿ ಜೋಡಿಯಾಗಿ ದೊಡ್ಡ ಹಲ್ಲು ಬರುತ್ತವೆ: ಎರಡಲ್ಲು, ನಾಲ್ಕಲ್ಲು, ಆರಲ್ಲು, ಆಮೇಲೆ ಬಾಯಿ ಕೂಡುತ್ತದೆ. ಸಂತೆಯಲ್ಲಿ ಕುರಿ ಕೊಳ್ಳುವವರು, ಸಿದ್ಧಗಂಗೆ ಜಾತ್ರೆಯಲ್ಲಿ ಹಳ್ಳಿಕಾರ್ ಹೋರಿ ನೋಡುವವರು ಮೊದಲು ಮಾಡುವುದೇ ಬಾಯಿ ಬಿಡಿಸಿ ನೋಡುವ ಕೆಲಸ. ಪಳೆಯುಳಿಕೆ ಓದುವವರೂ ಮಾಡುವುದು ಇದನ್ನೇ. ಯಾವ ಹಲ್ಲು ಬಂದಿದೆ, ಯಾವುದು ಎಷ್ಟು ಸವೆದಿದೆ ಎಂದು ನೋಡಿ ಸತ್ತ ವಯಸ್ಸು ಹೇಳುತ್ತಾರೆ. ಒಂದು ಜಾಗದಲ್ಲಿ ಸಿಕ್ಕ ದವಡೆಗಳನ್ನೆಲ್ಲ ಹೀಗೆ ನೋಡಿದರೆ ಆ ಮಂದೆಯಲ್ಲಿ ಮರಿಗಳೆಷ್ಟು, ಮುದಿಯವೆಷ್ಟು ಎಂದೂ ಗೊತ್ತಾಗುತ್ತದೆ.

ಒಂದೇ ಒಂದು ಕಡೆ ಮಾವನ ಲೆಕ್ಕಕ್ಕೂ ಪುಸ್ತಕಕ್ಕೂ ವ್ಯತ್ಯಾಸ ಬಂತು. ಪುಸ್ತಕದ ಪ್ರಕಾರ ಮುಂದಿನ ಎಂಟರಲ್ಲಿ ಆರು ಮಾತ್ರ ಬಾಚಿಹಲ್ಲು. ಎರಡೂ ಕಡೆಯ ಕೊನೆಯದು ಕೋರೆಹಲ್ಲು. ಅದು ಬಾಚಿಹಲ್ಲಿನ ಆಕಾರಕ್ಕೆ ಬದಲಾಗಿ, ಅವುಗಳ ಸಾಲಿಗೇ ಬಂದು ಸೇರಿಕೊಂಡಿದೆ. ಮೆಲುಕು ಹಾಕುವ ಪ್ರಾಣಿಗಳ ದೊಡ್ಡ ಗುರುತು ಇದು. ಮಾವನಿಗೆ ಹೇಳಿದೆ. ಅವರು ಆ ಕೊನೆಯ ಹಲ್ಲನ್ನು ಉಗುರಿನಿಂದ ಮುಟ್ಟಿ ಮುಟ್ಟಿ ನೋಡಿದರು. "ಅದಕ್ಕೇ ಇದು ಎಲ್ಲಾದಕ್ಕಿಂತ ಕೊನೇಲಿ ಬರೋದು, ಬಂದ್ರೂ ಸಣ್ಣಕಿರೋದು" ಅಂದರು. ಅವರು ನೋಡಿದ್ದನ್ನು ಯಾವ ಪುಸ್ತಕವೂ ನನಗೆ ಅಷ್ಟು ಚೆನ್ನಾಗಿ ಹೇಳಿರಲಿಲ್ಲ.

ದವಡೆ ಹಲ್ಲುಗಳ ಮೇಲ್ಮೈಯಲ್ಲಿ ಅರ್ಧಚಂದ್ರದಂಥ ಏಣುಗಳಿವೆ. ಹಂದಿಗೆ ಹಾಗಿಲ್ಲ, ಗುಂಡು ಗುಬಟುಗಳು. ಹುಲ್ಲಿನ ಜೊತೆ ಮಣ್ಣು, ಮರಳೂ ಹೋಗುವುದರಿಂದ ಹುಲ್ಲು ಮೇಯುವ ಪ್ರಾಣಿಗಳ ಹಲ್ಲು ಎತ್ತರ, ಸವೆಯಲು ಸರಕು ಜಾಸ್ತಿ. ಇನ್ನೊಂದು ಸಂಗತಿ ನನಗೆ ತುಂಬಾ ಇಷ್ಟ. ರಾಗಿ, ಜೋಳ, ಸಜ್ಜೆ ಮತ್ತು ನಮ್ಮ ಬಯಲಿನ ಬಹಳಷ್ಟು ಹುಲ್ಲುಗಳು ಬಿಸಿಲಿನಲ್ಲಿ ಆಹಾರ ಮಾಡಿಕೊಳ್ಳುವ ರೀತಿ ಭತ್ತ, ಮರ, ಪೊದೆಗಳಿಗಿಂತ ಬೇರೆ. ಆ ವ್ಯತ್ಯಾಸ ಅವುಗಳನ್ನು ತಿಂದ ಪ್ರಾಣಿಯ ಹಲ್ಲಿನ ಎನಾಮಲ್‌ನಲ್ಲಿ ಇಂಗಾಲದ ಲೆಕ್ಕವಾಗಿ ಉಳಿದುಬಿಡುತ್ತದೆ. ರಾಗಿ ಹುಲ್ಲು ತಿಂದ ನಮ್ಮ ಎತ್ತಿನ ಹಲ್ಲಿನಲ್ಲೂ ಅದು ಇರುತ್ತದೆ. ಶಿವಾಲಿಕ್ ಪ್ರದೇಶದ ಹಳೆಯ ಕುದುರೆ ಜಾತಿಗಳ, ದನದ ವಂಶದವುಗಳ ಹಲ್ಲುಗಳನ್ನು ಹೀಗೇ ನೋಡಿ, 80 ಲಕ್ಷದಿಂದ 60 ಲಕ್ಷ ವರ್ಷಗಳ ಹಿಂದೆ ಅಲ್ಲಿ ಇಂಥ ಹುಲ್ಲು ಹರಡಿತು ಎಂದು ಕಂಡುಕೊಂಡಿದ್ದಾರೆ. ಕಾಡು ಹಿಂದೆ ಸರಿದು ಬಯಲು ಬಂದ ಕಥೆ ಹಲ್ಲಿನೊಳಗಿದೆ. ನಮ್ಮ ರಾಜ್ಯದಲ್ಲೂ ಹಲ್ಲು ದೊಡ್ಡ ಸಾಕ್ಷಿ ಹೇಳಿದೆ. ಯಾದಗಿರಿ ಜಿಲ್ಲೆಯ ಹುಣಸಗಿ ಬಳಿಯ ಇಸಾಂಪುರದಲ್ಲಿ ಕೆ. ಪದ್ದಯ್ಯ ಅವರ ತಂಡ ಆದಿಮಾನವರು ಕಲ್ಲಿನ ಆಯುಧ ಮಾಡುತ್ತಿದ್ದ ಜಾಗವನ್ನು ಅಗೆಯಿತು. ಅಲ್ಲಿ ಸಿಕ್ಕ ದನದ ವಂಶದ ಪ್ರಾಣಿಗಳ ಹಲ್ಲಿನ ಎನಾಮಲ್ ಪರೀಕ್ಷೆಯಿಂದಲೇ ಆ ಜಾಗಕ್ಕೆ ಸುಮಾರು 12 ಲಕ್ಷ ವರ್ಷದ ವಯಸ್ಸು ಸಿಕ್ಕಿತು.

ಈಗ ನನ್ನ ಗಿಣ್ಣಿನ ಮೂಳೆಗೆ ಬರುತ್ತೇನೆ. ಕುರಿಯದು ಹೆಬ್ಬೆರಳಿನ ತುದಿಗಿಂತ ಸ್ವಲ್ಪ ದೊಡ್ಡದು. ಮೇಲೊಂದು, ಕೆಳಗೊಂದು, ಎರಡೂ ತುದಿಯಲ್ಲಿ ಬಾವಿಯ ರಾಟೆಯಂತೆ ನಡುವೆ ತಗ್ಗು, ಎರಡು ಬದಿಗೂ ಏಣು. ಮೇಲಿನ ರಾಟೆಯ ಮೇಲೆ ಕಾಲಿನ ಉದ್ದ ಮೂಳೆ ಕೂರುತ್ತದೆ. ಕೆಳಗಿನ ರಾಟೆ ಪಾದದ ಮೂಳೆಯ ಮೇಲೆ ಕೂರುತ್ತದೆ. ಹಾಗಾಗಿ ಗಿಣ್ಣು ಹಿಂದೆ ಮುಂದೆ ಮಾತ್ರ ಆಡುತ್ತದೆ, ಪಕ್ಕಕ್ಕೆ ತಿರುಚುವುದಿಲ್ಲ. ಓಡುವಾಗ ಹಾಕಿದ ಬಲವೆಲ್ಲ ಮುಂದಕ್ಕೇ ಹೋಗುತ್ತದೆ. ಕುರಿ, ಮೇಕೆ, ದನ, ಜಿಂಕೆ, ಹಂದಿ, ಒಂಟೆ, ಜಿರಾಫೆ, ನೀರಾನೆ, ಸಮ ಬೆರಳಿನ ಎಲ್ಲ ಗೊರಸಿನ ಪ್ರಾಣಿಗಳಿಗೂ ಈ ಜೋಡಿ ರಾಟೆ ಇದೆ. ಕುದುರೆ, ಕತ್ತೆ, ಖಡ್ಗಮೃಗ, ಅಂದರೆ ಬೆಸ ಬೆರಳಿನವಕ್ಕೆ ಮೇಲೊಂದೇ ರಾಟೆ, ಕೆಳಗಡೆ ಚಪ್ಪಟೆ. ನಾಯಿಗೆ ಕೆಳತುದಿ ಗುಂಡಗೆ. ಇಷ್ಟು ಸಾಕು, ಕಪ್ಪು ಬಿಳುಪಿನಷ್ಟು ಸ್ಪಷ್ಟವಾಗಿ ವಂಶ ಬೇರೆ ಮಾಡಬಹುದು.

ಈ ಒಂದು ಮೂಳೆ ತಿಮಿಂಗಿಲದ ವಿಷಯವನ್ನೂ ಬಗೆಹರಿಸಿತು ಅಂದರೆ ನಂಬಬೇಕು. ತಿಮಿಂಗಿಲಗಳು ಮೆಸೊನಿಕಿಡ್ ಎಂಬ ಅಳಿದುಹೋದ ಮಾಂಸಾಹಾರಿ ಗುಂಪಿನಿಂದ ಬಂದವು ಅಂತ ಪಳೆಯುಳಿಕೆ ಓದುವವರು ಬಹಳ ಕಾಲ ನಂಬಿದ್ದರು. ಡಿಎನ್‌ಎ ನೋಡುವವರು ಮಾತ್ರ, ಇಲ್ಲ, ಈಗ ಬದುಕಿರುವ ಪ್ರಾಣಿಗಳಲ್ಲಿ ನೀರಾನೆಯೇ ಹತ್ತಿರದ ನೆಂಟ ಅಂತಿದ್ದರು. 2001ರಲ್ಲಿ ಪಾಕಿಸ್ತಾನದಲ್ಲಿ ಸಿಕ್ಕ ಕಾಲುಗಳಿದ್ದ ಹಳೆಯ ತಿಮಿಂಗಿಲಗಳ ಗಿಣ್ಣಿನ ಮೂಳೆಗಳನ್ನು ಫಿಲಿಪ್ ಜಿಂಜರಿಚ್ ಅವರ ತಂಡ ಮತ್ತು ಥೀವಿಸೆನ್ ಅವರ ತಂಡ ಪ್ರಕಟಿಸಿದವು. ಎರಡೂ ಕಡೆ ಜೋಡಿ ರಾಟೆ ಇತ್ತು. ಅಲ್ಲಿಗೆ ವಾದ ಮುಗಿಯುತ್ತಾ ಬಂತು. ಸೂಪಿನ ತಟ್ಟೆಯಲ್ಲಿ ನಾವು ಪಕ್ಕಕ್ಕಿಡುವ ಮೂಳೆ ಅದು.

ಪಳೆಯುಳಿಕೆಗಳಲ್ಲಿ ಈ ಮೂಳೆ ಯಾಕೆ ಜಾಸ್ತಿ ಸಿಗುತ್ತದೆ ಅನ್ನುವುದೂ ಕೈಗೆ ಗೊತ್ತಾಯಿತು. ತೊಡೆಮೂಳೆ ಒಳಗೆ ಟೊಳ್ಳು, ಮಜ್ಜೆ ಇರುತ್ತದೆ, ಅದಕ್ಕಾಗಿ ನಾಯಿ ನರಿ ಒಡೆಯುತ್ತವೆ. ಗಿಣ್ಣಿನ ಮೂಳೆ ಗಟ್ಟಿ, ಪುಟ್ಟದು, ಒಡೆದರೂ ತಿನ್ನಲು ಹೆಚ್ಚೇನೂ ಇಲ್ಲ. ನಮ್ಮ ಕೆರೆ ಅಂಗಳದಲ್ಲಿ ಬಿದ್ದಿದ್ದ ಒಂದು ಹಳೆಯ ದನದ ಅಸ್ಥಿಯಲ್ಲಿ ಉದ್ದ ಮೂಳೆಗಳೆಲ್ಲ ಸೀಳಿ ಬಿಳಿಚಿಕೊಂಡಿದ್ದವು, ಗಿಣ್ಣಿನ ಮೂಳೆ ಮಾತ್ರ ಹೊಸದರಂತಿತ್ತು. ಲಕ್ಷಾಂತರ ವರ್ಷದ ಹಿಂದಿನ ನದಿ ದಂಡೆಯಲ್ಲೂ ಹೀಗೇ ಆಗಿರುತ್ತದೆ.

ಅದಕ್ಕೆ ಒಂದು ಮಿತಿಯೂ ಇದೆ. ಉದ್ದ ಮೂಳೆಗಳ ತುದಿ ಮರಿಯಲ್ಲಿ ಬೇರೆಯಾಗಿದ್ದು, ಬೆಳೆದ ಮೇಲೆ ಬೆಸೆದುಕೊಳ್ಳುತ್ತದೆ. ಹಾಗಾಗಿ ಮರಿಯೋ ದೊಡ್ಡದೋ ಹೇಳಬಹುದು. ಗಿಣ್ಣಿನ ಮೂಳೆಗೆ ಅಂಥ ಬೇರೆ ತುದಿಯೇ ಇಲ್ಲ. ಹಗುರಾಗಿ, ರಂಧ್ರ ರಂಧ್ರವಾಗಿದ್ದರೆ ಎಳೆಯದು ಅನ್ನಬಹುದು, ಅಷ್ಟೆ. ಕುರಿ ಮೇಕೆ ವ್ಯತ್ಯಾಸವಂತೂ ಕಣ್ಣಿಗೆ ಪರೀಕ್ಷೆ. ತಲೆಬುರುಡೆ ಇದ್ದರೆ ಸುಲಭ, ಕುರಿಗೆ ಕಣ್ಣಿನ ಮುಂದೆ ಒಂದು ತಗ್ಗು ಇರುತ್ತದೆ, ಮೇಕೆಗೆ ಇರುವುದಿಲ್ಲ. ಕಾಲಿನ ಮೂಳೆಯಲ್ಲಿ ಸಣ್ಣ ಸಣ್ಣ ಏಣು, ಕೋನ ನೋಡಬೇಕು. ಅಂಗಡಿ ಹುಡುಗ ಬರೆದ ಕವರುಗಳು ಇಲ್ಲಿ ನನ್ನನ್ನು ಕಾಪಾಡಿದವು. ಹೆಸರು ಮುಚ್ಚಿಟ್ಟು ಊಹಿಸುವುದು, ತೆಗೆದು ನೋಡುವುದು, ಮತ್ತೆ ಊಹಿಸುವುದು. ಎಷ್ಟೋ ಸಂಜೆಗಳು ಇದರಲ್ಲೇ ಹೋದವು.

ಪುಸ್ತಕದಲ್ಲಿ ಇನ್ನೊಂದು ಮಾತಿತ್ತು. ಆಫ್ರಿಕಾದ ಹುಲ್ಲೆ ಜಾತಿಗಳ ಗಿಣ್ಣಿನ ಮೂಳೆಯ ಅಳತೆಗಳಿಂದ ಅದು ಬಯಲಿನ ಪ್ರಾಣಿಯೋ ಕಾಡಿನದೋ ಹೇಳುವ ವಿಧಾನವನ್ನು ಡೇವಿಡ್ ಡಿಗಸ್ಟಾ ಮತ್ತು ಎಲಿಸಬೆತ್ ವ್ರಬಾ 2003ರಲ್ಲಿ ಪ್ರಕಟಿಸಿದ್ದರು. ಬಯಲಿನ ಓಟ ಹೇಗಿರುತ್ತದೆ ಎಂದು ನೋಡಲು ನಾನು ದೂರ ಹೋಗಬೇಕಿರಲಿಲ್ಲ. ನಮ್ಮ ತಾಲ್ಲೂಕಿನ ಮೈದೇನಹಳ್ಳಿಯಲ್ಲೇ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ ಇದೆ. ಬೆಳಿಗ್ಗೆ ಹೊತ್ತು ಕೃಷ್ಣಮೃಗಗಳು ನೆಗೆದು ಓಡುವಾಗ ಹಿಂಗಾಲಿನ ಗಿಣ್ಣನ್ನೇ ಬೈನಾಕ್ಯುಲರ್‌ನಲ್ಲಿ ಹಿಂಬಾಲಿಸುತ್ತಿದ್ದೆ. ಕಾಲು ಮಡಚಿ ಬಿಚ್ಚುವುದರಲ್ಲಿ ಒಂದಿಷ್ಟೂ ಪಕ್ಕಕ್ಕೆ ವಾಲುವುದಿಲ್ಲ. ಆ ರಾಟೆ ಯಾಕಿದೆ ಅಂತ ಆಗ ಪೂರ್ತಿ ಅರ್ಥವಾಯಿತು. ಅಲ್ಲಿ ಮೂಳೆ ಬಿದ್ದಿದ್ದರೂ ಎತ್ತಿಕೊಳ್ಳುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕೃಷ್ಣಮೃಗ ಮೊದಲನೇ ಶೆಡ್ಯೂಲಿನಲ್ಲಿದೆ. ಕೊಂಬು, ಮೂಳೆ ಮನೆಗೆ ತರುವುದು ಅಪರಾಧ. ಈ ನಿಯಮ ಇರುವುದು ಒಳ್ಳೆಯದೇ. ಇಲ್ಲದಿದ್ದರೆ ಸಂಗ್ರಹದ ಹೆಸರಿನಲ್ಲಿ ಏನೇನು ನಡೆಯುತ್ತಿತ್ತೋ.

ಇಷ್ಟೆಲ್ಲ ಆದ ಮೇಲೆ ಶಿವಾಲಿಕ್ ಮೂಳೆಗಳಿರುವ ಒಂದು ಪ್ರಯೋಗಾಲಯಕ್ಕೆ ಹೋಗುವ ಅವಕಾಶ ಬಂತು. ಶಿವಾಲಿಕ್ ಬೆಟ್ಟಸಾಲಿನ ಪಳೆಯುಳಿಕೆಗಳಿಗೆ ದೊಡ್ಡ ಇತಿಹಾಸವಿದೆ. ಸಹಾರನ್‌ಪುರದ ಸಸ್ಯೋದ್ಯಾನ ನೋಡಿಕೊಳ್ಳುತ್ತಿದ್ದ ಹ್ಯೂ ಫಾಲ್ಕನರ್, ಕಾಲುವೆ ಎಂಜಿನಿಯರ್ ಪ್ರೋಬಿ ಕಾಟ್ಲಿ ಇಬ್ಬರೂ ಸೇರಿ 1836ರಲ್ಲಿ ಶಿವಥೀರಿಯಂ ಎಂಬ ದೈತ್ಯ ಪ್ರಾಣಿಯನ್ನು ಲೋಕಕ್ಕೆ ಪರಿಚಯಿಸಿದರು. ಅದು ಜಿರಾಫೆಯ ವಂಶದ್ದು, ಆದರೆ ಕುತ್ತಿಗೆ ಗಿಡ್ಡ, ಮೈ ಭಾರಿ, ತಲೆಯ ಮೇಲೆ ಅಗಲವಾದ ಕೊಂಬುಗಳು. ಆನೆಯಷ್ಟು ದೊಡ್ಡದು ಅಂತ ಬಹಳ ಕಾಲ ಹೇಳುತ್ತಿದ್ದರು. 2016ರಲ್ಲಿ ಮೂಳೆಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ ಲೆಕ್ಕ ಹಾಕಿದಾಗ ಸುಮಾರು 1,250 ಕಿಲೋ ಬಂತು. ಆನೆಗಿಂತ ಬಹಳ ಕಡಿಮೆ, ಆದರೂ ಮೆಲುಕು ಹಾಕುವ ಪ್ರಾಣಿಗಳಲ್ಲಿ ಅತಿ ದೊಡ್ಡವುಗಳಲ್ಲಿ ಒಂದು.

ಮೊದಲ ಡ್ರಾಯರ್ ಎಳೆದಾಗ ನನಗೆ ಕಂಡದ್ದು ಭಾರ. ಪಳೆಯುಳಿಕೆಯಲ್ಲಿ ಮೂಳೆಯ ಸಣ್ಣ ರಂಧ್ರಗಳಿಗೆ ಖನಿಜ ತುಂಬಿರುತ್ತದೆ. ಅದೇ ಅಳತೆಯ ಕುರಿ ಮೂಳೆಗಿಂತ ಎಷ್ಟೋ ಭಾರ. ಬಣ್ಣ ಕಂದು, ಕೆಲವು ಕಪ್ಪು. ಆದರೆ ಕಣ್ಣು ಮುಚ್ಚಿ ಹೆಬ್ಬೆರಳಿಟ್ಟರೆ ಮೇಲಿನ ರಾಟೆ, ಕೆಳಗಿನ ರಾಟೆ, ಹೊರಗಿನ ಏಣು ಎತ್ತರ, ಒಳಗಿನದು ಗಿಡ್ಡ. ಎಡಗಾಲಿನದು! ಬಾಯಿಂದ ತಾನಾಗಿ ಬಂತು. ಹಿಮಾಲಯದ ತಪ್ಪಲಿನಲ್ಲಿ ಲಕ್ಷಾಂತರ ವರ್ಷ ಮಲಗಿದ್ದ ಪ್ರಾಣಿಯ ಕಾಲು ನನ್ನ ಕೈಗೆ ಗುರುತು ಸಿಕ್ಕಿತ್ತು. ಆ ಖುಷಿಯನ್ನು ಹೇಗೆ ಬರೆಯಲಿ?

ಅಲ್ಲಿಯ ಕೆಲಸ ನಿಧಾನ. ಕೆಲವು ಮೂಳೆಗಳಿಗೆ ಇನ್ನೂ ಕಲ್ಲು ಅಂಟಿತ್ತು. ಗಾಳಿಯ ಒತ್ತಡದಿಂದ ತುದಿ ಅದುರುವ ಪೆನ್ನಿನಂಥ ಉಪಕರಣದಿಂದ, ಸೂಜಿಯಿಂದ, ಮೈಕ್ರೋಸ್ಕೋಪ್ ಕೆಳಗೆ ಅದನ್ನು ಚೂರು ಚೂರಾಗಿ ಬಿಡಿಸುತ್ತಾರೆ. ಸಡಿಲವಾದ ಜಾಗಕ್ಕೆ ಪ್ಯಾರಲಾಯ್ಡ್ ಎಂಬ ಅಂಟನ್ನು ಅಸಿಟೋನ್‌ನಲ್ಲಿ ಕರಗಿಸಿ ಹನಿ ಹನಿಯಾಗಿ ಬಿಡುತ್ತಾರೆ. ಬೇಕೆಂದಾಗ ಮತ್ತೆ ಕರಗಿಸಿ ತೆಗೆಯಬಹುದಾದ ಅಂಟು ಅದು, ಅದಕ್ಕೇ ಅದನ್ನು ಬಳಸುವುದು. ನಾನು ಮಾಡಿದ್ದು ಅಳತೆ ಕೆಲಸ. ಕೆಳಗೆ ಫೋಮ್ ಹಾಸಿ, ಕ್ಯಾಲಿಪರ್‌ನಿಂದ ಹೊರಬದಿಯ ಉದ್ದ, ಒಳಬದಿಯ ಉದ್ದ, ಕೆಳ ರಾಟೆಯ ಅಗಲ. ಅಂಚು ಸವೆದಿದ್ದರೆ ಆ ಅಳತೆ ಬರೆಯುವುದಿಲ್ಲ, ಖಾಲಿ ಬಿಡಬೇಕು. ಖಾಲಿ ಕಾಲಂ ಕಂಡರೆ ಮನಸ್ಸು ಒಪ್ಪುವುದಿಲ್ಲ, ಅಂದಾಜಿಗೆ ಏನಾದರೂ ಬರೆಯೋಣ ಅನಿಸುತ್ತದೆ. ಆದರೆ ಈ ಅಳತೆಗಳಿಂದಲೇ ಪ್ರಾಣಿಯ ತೂಕ ಲೆಕ್ಕ ಹಾಕುತ್ತಾರೆ. ಅಂದಾಜಿನ ಮೇಲೆ ಅಂದಾಜು ಕಟ್ಟಿದರೆ ಇಲ್ಲದ ಪ್ರಾಣಿಯೊಂದು ಹುಟ್ಟಿಬಿಡುತ್ತದೆ.

ಹೆಸರು ಹೇಳುವುದು ಇನ್ನೂ ಕಷ್ಟ. ಹಂದಿ ಜಾತಿಯದು ಬೇಗ ಗೊತ್ತಾಗುತ್ತದೆ, ಮೇಲಿನ ರಾಟೆಗೂ ಕೆಳಗಿನ ರಾಟೆಗೂ ನೇರ ಇರುವುದಿಲ್ಲ, ಸ್ವಲ್ಪ ಓರೆ. ಮೆಲುಕು ಹಾಕುವವುಗಳಲ್ಲಿ ಎರಡೂ ಒಂದೇ ನೇರ, ಬದಿಗಳು ಸಮ. ತೀರಾ ದೊಡ್ಡದಾದರೆ ಜಿರಾಫೆ ವಂಶ ಇರಬಹುದೇ ಅಂತ ನೋಡಬೇಕು. ನಡುವಿನ ಗಾತ್ರದಲ್ಲಿ ಮಾತ್ರ ಹುಲ್ಲೆಯೋ ಜಿಂಕೆಯೋ ಹೇಳಲು ಒಂದೇ ಮೂಳೆ ಸಾಲದು. ಪಕ್ಕದ ಪಾದದ ಮೂಳೆ ಸಿಕ್ಕರೂ ಮೆಲುಕು ಹಾಕುವುದೋ ಹಂದಿಯೋ ಅನ್ನುವುದಕ್ಕೆ ಮಾತ್ರ ಒಂದು ಆಧಾರ ಹೆಚ್ಚುತ್ತದೆ. ಮೆಲುಕು ಹಾಕುವ ಪ್ರಾಣಿಗಳಲ್ಲಿ ಅಲ್ಲಿಯ ಎರಡು ಮೂಳೆ ಬೆಸೆದು ಒಂದಾಗಿರುತ್ತವೆ, ಹಂದಿಯಲ್ಲಿ ಬೇರೆ ಬೇರೆ ಉಳಿದಿರುತ್ತವೆ. ಹಾಗಾಗಿ ನಾನು ಪಟ್ಟಿಯಲ್ಲಿ ಬರೆದದ್ದು ಇಷ್ಟೇ: ಮೆಲುಕು ಹಾಕುವ ಪ್ರಾಣಿ, ಮಧ್ಯಮ ಗಾತ್ರ, ಬಲಗಾಲು. ಮೇಡಂ ಅದನ್ನು ತಿದ್ದದೆ ಬಿಟ್ಟರು. ಗೊತ್ತಿರುವಷ್ಟನ್ನು ಮಾತ್ರ ಬರೆದ ಸಾಲು ಮುಂದೆ ಬರುವವರಿಗೆ ಉಪಯೋಗಕ್ಕೆ ಬರುತ್ತದೆ, ಅವರ ಕೈಗೆ ಇನ್ನೊಂದು ಮೂಳೆ ಸಿಗಬಹುದು.

ಈಗ ನನ್ನ ಸಂಗ್ರಹ ಕಾಲೇಜಿನ ಒಂದು ಬೀರುವಿನಲ್ಲಿದೆ. ಒಂದೊಂದು ಮೂಳೆಯ ಮೇಲೂ ಕಪ್ಪು ಇಂಕಿನಲ್ಲಿ ನಂಬರ್ ಬರೆದು, ಮೇಲೆ ಬಣ್ಣವಿಲ್ಲದ ನೇಲ್ ಪಾಲಿಶ್ ಹಚ್ಚಿದ್ದೇನೆ. ಕುರಿ, ಮೇಕೆ, ದನ, ಹಂದಿ ಇವೆ. ಕುದುರೆ ವಂಶದ್ದು ಒಂದೂ ಇಲ್ಲ. ಪ್ರಯೋಗಾಲಯದಲ್ಲಿ ಹಿಪ್ಪಾರಿಯನ್ ಮೂಳೆಗಳ ಡ್ರಾಯರನ್ನು ನಾನು ಮುಟ್ಟದೆ ಬಂದದ್ದು ಅದಕ್ಕೇ. ಸುಮಾರು 1.07 ಕೋಟಿ ವರ್ಷದ ಹಿಂದೆ ಶಿವಾಲಿಕ್ ಬಯಲಿಗೆ ಬಂದ ಮೂರು ಬೆರಳಿನ ಕುದುರೆ ಅದು. ನಡುವಿನ ಬೆರಳು ದಪ್ಪ, ಎರಡು ಬದಿಯವು ಸಣ್ಣ. ಈಗಿನ ಕುದುರೆ ಕತ್ತೆಗಳಲ್ಲಿ ಆ ಬದಿ ಬೆರಳುಗಳ ಜಾಗದಲ್ಲಿ ಎರಡು ಕಡ್ಡಿಯಂಥ ಮೂಳೆಗಳು ಮಾತ್ರ ಉಳಿದಿವೆ. ಅವನ್ನು ಕೈಯಲ್ಲಿ ಹಿಡಿದು ನೋಡದೆ ಹಿಪ್ಪಾರಿಯನ್ ಕಾಲು ಓದುವುದು ಹೇಗೆ? ಒಂದು ಕತ್ತೆಯ ಹಿಂಗಾಲು ಬೇಕು. ಎಲ್ಲಾದರೂ ರೋಗವಿಲ್ಲದೆ ಸತ್ತ ಕತ್ತೆ ಇದ್ದರೆ, ಸಾಕಿದವರೂ ಒಪ್ಪಿದರೆ, ಹೂಳುವ ಮೊದಲು ಫೋನ್ ಮಾಡ್ತೀನಿ ಅಂತ ನಮ್ಮ ದನದ ಡಾಕ್ಟ್ರು ಹೇಳಿದ್ದಾರೆ. ಸೊಳ್ಳೆ ಪರದೆಯ ಚೀಲಗಳನ್ನು ಮಾತ್ರ ಈ ಸಲ ಸ್ವಲ್ಪ ದೊಡ್ಡದಾಗಿಯೇ ಹೊಲಿದಿದ್ದೇನೆ.